ವರ ಕೊಡುವವರಿಲ್ಲದ ಸ್ವರ್ಗ: ಚೀನೀ ಶಿಯೆನ್‌ಶಿಯಾ ಧಾರಾವಾಹಿ ನೋಡುವ ಬಗೆ

[ತೆರೆಯ ಮೇಲೆ: ರೇಖಾಚಿತ್ರ. ಮೋಡದ ಮೇಲೊಂದು ಅರಮನೆ, ಕೆಳಗೆ ಬೆಟ್ಟ, ಬೆಟ್ಟದ ತುದಿಯಲ್ಲಿ ಕಣ್ಣು ಮುಚ್ಚಿ ಕುಳಿತ ಒಬ್ಬ ತಪಸ್ವಿ.]

ನಮಸ್ಕಾರ. ಪುರಾಣದ ಕಥೆ ಕೇಳಿ ಬೆಳೆದ ನಮಗೆ ಚೀನೀ ಫ್ಯಾಂಟಸಿ ಧಾರಾವಾಹಿಯ ಲೋಕ ಮೊದಲ ನೋಟಕ್ಕೆ ಗೊತ್ತಿರುವ ಊರಿನ ಹಾಗೇ ಕಾಣುತ್ತದೆ. ಸ್ವರ್ಗ ಇದೆ, ಶಾಪ ಇದೆ, ಸಾವಿರಾರು ವರ್ಷದ ತಪಸ್ಸಿದೆ, ದೇವ ದಾನವರ ಯುದ್ಧವಿದೆ. ಇಲ್ಲದಿರುವುದು ಒಂದೇ, ವರ. ಹಿರಣ್ಯಕಶಿಪು ತಪಸ್ಸಿಗೆ ಕುಳಿತರೆ ಬ್ರಹ್ಮ ಬಂದು ‘ಏನು ಬೇಕು’ ಅಂತ ಕೇಳುತ್ತಾನೆ. ಇಲ್ಲಿ ಯಾರೂ ಬರುವುದಿಲ್ಲ. ಶಕ್ತಿಯನ್ನು ಹನಿ ಹನಿಯಾಗಿ ತನ್ನ ಮೈಯೊಳಗೆ ತಾನೇ ಕೂಡಿಸಿಕೊಳ್ಳಬೇಕು. ಕಳೆದುಹೋದರೆ ಮತ್ತೆ ಮೊದಲಿಂದ. ಹಾಗಾಗಿ ಪ್ರತಿ ಮಂತ್ರಕ್ಕೂ ಒಂದು ಬೆಲೆ ಇದೆ, ಆ ಬೆಲೆಯನ್ನು ಯಾರೋ ಒಬ್ಬರು ತೆರಲೇಬೇಕು. ಈ ಕಥೆಗಳ ರುಚಿ ಇರುವುದು ಈ ಲೆಕ್ಕದಲ್ಲಿ.

ಈ ಬಗೆಯ ಕಥೆಗೆ ಚೀನೀ ಭಾಷೆಯಲ್ಲಿ ಶಿಯೆನ್‌ಶಿಯಾ ಅನ್ನುತ್ತಾರೆ. ಶಿಯೆನ್ ಅಂದರೆ ಅಮರ, ಶಿಯಾ ಅಂದರೆ ನ್ಯಾಯಕ್ಕಾಗಿ ಕತ್ತಿ ಹಿಡಿದ ವೀರ. ವೂಶಿಯಾ ಎಂಬ ಬಗೆ ಬೇರೆ. ಅಲ್ಲಿ ಮನುಷ್ಯರ ಕತ್ತಿವರಸೆ ಇದೆ, ಸ್ವರ್ಗ ಇಲ್ಲ.

[ತೆರೆಯ ಮೇಲೆ ಎರಡು ಪದ: ಜಿಯೆ, ಮೊ]

ಎರಡು ಪದ ಹಿಡಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು ಜಿಯೆ. ತಪಸ್ವಿಯ ಮಟ್ಟ ಏರುವ ಹೊತ್ತಿಗೆ ಸಿಡಿಲು ಬಡಿಯುತ್ತದೆ, ಇಲ್ಲವೇ ಅವನು ಮನುಷ್ಯನಾಗಿ ಹುಟ್ಟಿ ಪ್ರೀತಿಸಿ ಕಳೆದುಕೊಂಡು ಬರಬೇಕಾಗುತ್ತದೆ. ಆ ಕಂಟಕವೇ ಜಿಯೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಕಲ್ಪ’ ಎಂಬ ಮಾತಿಗೆ ಬಳಸಿದ ಅಕ್ಷರ ಇದು. ಯುಗಾಂತ್ಯದ ಪ್ರಳಯ ಎಂಬ ಅರ್ಥ ಬರಬರುತ್ತಾ ಒಬ್ಬೊಬ್ಬರ ಬಾಳಿನ ಪ್ರಳಯ ಅಂತಾಯಿತು. ಎರಡನೆಯದು ಮೊ, ನಮ್ಮ ‘ಮಾರ’. ಬುದ್ಧನ ತಪಸ್ಸು ಕೆಡಿಸಲು ಬಂದ ಅದೇ ಮಾರ ಚೀನೀ ನಾಲಿಗೆಯಲ್ಲಿ ಮೊ ಆದ. ಅವನ ಹೆಸರು ಬಂದಾಗಲೆಲ್ಲ ನೆನಪಿಡಿ, ಅದು ಹುಟ್ಟಿನಿಂದ ಬಂದ ರಾಕ್ಷಸತನ ಆಗಿರಬೇಕೆಂದಿಲ್ಲ. ದಾರಿ ತಪ್ಪಿದ ತಪಸ್ವಿಯೂ ಮೊ ಆಗಬಹುದು.

ಇಂಗ್ಲಿಷ್ ಸಬ್‌ಟೈಟಲ್ ಎಡವುವುದು ಇಲ್ಲೇ. ಮೊ, ಯಾವ್ ಎರಡಕ್ಕೂ, ಕೆಲವೊಮ್ಮೆ ಗ್ವೇಗೂ, ‘ಡೀಮನ್’ ಅಂತ ಬರೆದು ಮುಗಿಸುತ್ತಾರೆ. ದಿ ಅನ್‌ಟೇಮ್ಡ್ ಸರಣಿಯ ಗುರುಕುಲದ ದೃಶ್ಯದಲ್ಲಿ ಈ ವ್ಯತ್ಯಾಸವೇ ಪಾಠ. ಜೀವಂತ ಮನುಷ್ಯ ಕೆಟ್ಟರೆ ಮೊ. ಸತ್ತ ಮನುಷ್ಯ ಎದ್ದರೆ ಗ್ವೇ. ಮನುಷ್ಯನಲ್ಲದ ಜೀವಿಗೆ, ಒಂದು ಹಳೆಯ ಮರಕ್ಕೋ ನರಿಗೋ, ಅರಿವು ಮೂಡಿದರೆ ಯಾವ್. ಅದೇ ಮರವನ್ನು ಕಡಿದ ಮೇಲೆ ಸತ್ತ ಬೊಡ್ಡೆಗೆ ಅರಿವು ಮೂಡಿದರೆ ಗ್ವಾಯ್. ಯಾವ್ ಎಲ್ಲ ಕೆಟ್ಟವರಲ್ಲ ಅಂತ ತಿಳಿಯದೆ ನೋಡಿದರೆ ಎಷ್ಟೋ ಪಾತ್ರಗಳ ದುಃಖ ನಮಗೆ ತಟ್ಟುವುದೇ ಇಲ್ಲ.

[ತೆರೆಯ ಮೇಲೆ: ‘ಒಂದೇ ಒಂದು ನಿಯಮ’]

ಈಗ ಮುಖ್ಯ ವಿಷಯ. ಒಳ್ಳೆಯ ಶಿಯೆನ್‌ಶಿಯಾ ಮೊದಲ ಐದಾರು ಕಂತಿನೊಳಗೆ ಒಂದು ನಿಯಮವನ್ನು ಗಟ್ಟಿಯಾಗಿ ನೆಡುತ್ತದೆ, ಉಳಿದ ಕಥೆಯನ್ನೆಲ್ಲ ಅದರ ಮೇಲೆ ಕಟ್ಟುತ್ತದೆ. ನಿಯಮ ಸಡಿಲವಾದರೆ ಎಷ್ಟು ಗ್ರಾಫಿಕ್ಸ್ ಇದ್ದರೂ ಕಥೆ ನಿಲ್ಲುವುದಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ 2022ರ ಲವ್ ಬಿಟ್ವೀನ್ ಫೇರಿ ಆಂಡ್ ಡೆವಿಲ್. ಐಚೀಯಿ ಎಂಬ ಚೀನೀ ವಿಡಿಯೋ ಸಂಸ್ಥೆಯದು, 36 ಕಂತು. ದೊಂಗ್‌ಫಾಂಗ್ ಚಿಂಗ್‌ತ್ಸಾಂಗ್ ಮೂವತ್ತು ಸಾವಿರ ವರ್ಷ ಗೋಪುರದಲ್ಲಿ ಸೆರೆಯಲ್ಲಿದ್ದ ಚಂದ್ರಕುಲದ ದೊರೆ. ಬಾಲ್ಯದಲ್ಲೇ ಅಪ್ಪ ಅವನ ಭಾವನೆಗಳನ್ನು ಕಿತ್ತು ತೆಗೆದಿದ್ದಾನೆ. ನೋವು, ಪ್ರೀತಿ, ಭಯ ಯಾವುದೂ ಗೊತ್ತಿಲ್ಲ. ಶಿಯಾವ್ ಲಾನ್‌ಹುವಾ ಆರ್ಕಿಡ್ ಹೂವಿನಿಂದ ಹುಟ್ಟಿದ ಹುಡುಗಿ, ಜನರ ಹಣೆಬರಹದ ಪುಸ್ತಕಗಳನ್ನು ದುರಸ್ತಿ ಮಾಡುವ ಚಿಕ್ಕ ಕೆಲಸ ಅವಳದು. ಇಬ್ಬರ ನಡುವೆ ‘ಏಕಹೃದಯ’ ಮಂತ್ರ ಬೀಳುತ್ತದೆ. ಅವಳಿಗೆ ಗಾಯವಾದರೆ ಅವನಿಗೂ ಗಾಯ, ಅವಳು ಸತ್ತರೆ ಅವನೂ ಸಾಯುತ್ತಾನೆ.

ಈ ಒಂದು ನಿಯಮ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮೊದಲು ನಗು ತರುತ್ತದೆ: ಲೋಕವೇ ನಡುಗುವ ದೊರೆ ಒಬ್ಬ ಅಳುಬುರುಕ ಹುಡುಗಿಯ ಕಾವಲಿಗೆ ನಿಲ್ಲಬೇಕು. ಆಮೇಲೆ ಕಥೆಗೆ ಕಾರಣ ಒದಗಿಸುತ್ತದೆ: ಅವಳನ್ನು ನೋಯಿಸಿದವರನ್ನೆಲ್ಲ ಅವನು ತಡೆಯಬೇಕು, ಪ್ರೀತಿಯಿಂದಲ್ಲ, ತನ್ನ ಜೀವದ ಆಸೆಯಿಂದ. ಕೊನೆಗೆ ಮಂತ್ರ ಇದ್ದರೂ ಇಲ್ಲದಿದ್ದರೂ ಅವನು ಹಾಗೇ ನಡೆದುಕೊಳ್ಳುತ್ತಾನಾ ಎಂಬ ಪ್ರಶ್ನೆ ಏಳುತ್ತದೆ. ಭಾವನೆಯ ಮರ ಅವನೊಳಗೆ ಮತ್ತೆ ಚಿಗುರುವುದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದ್ದಾರೆ. ನಗು, ಕಾರಣ, ಪ್ರಶ್ನೆ ಮೂರೂ ಒಂದೇ ಬೇರಿನಿಂದ ಬಂದಿವೆ. ಬರವಣಿಗೆ ಅಂದರೆ ಇದು.

2018ರ ಆಶಸ್ ಆಫ್ ಲವ್‌ನಲ್ಲಿ ಆ ನಿಯಮ ಒಂದು ಗುಳಿಗೆ. ಸಾಯುತ್ತಿರುವ ಹೂದೇವತೆ ಆಗತಾನೆ ಹುಟ್ಟಿದ ಮಗಳು ಜಿನ್ ಮಿಗೆ, ಪ್ರೀತಿಯೇ ಹುಟ್ಟದ ಹಾಗೆ ಗುಳಿಗೆ ನುಂಗಿಸುತ್ತಾಳೆ. ತಾಯಿ ಕಾಪಾಡಲೆಂದು ಕೊಟ್ಟದ್ದೇ ಮಗಳ ದುರಂತಕ್ಕೆ ದಾರಿ ಮಾಡುತ್ತದೆ. ಗುಳಿಗೆ ಹೊರಬರುವ ಗಳಿಗೆ ಯಾವುದು ಅಂತ ಇಲ್ಲಿ ಹೇಳುವುದಿಲ್ಲ, ಅದನ್ನು ಯಾರಿಂದಲೂ ಕೇಳಿಸಿಕೊಳ್ಳಬೇಡಿ.

2017ರ ಎಟರ್ನಲ್ ಲವ್‌ನಲ್ಲಿ ಅದು ಮರೆವಿನ ಮದ್ದು. ನಾಯಕಿ ಬಾಯ್ ಚಿಯೆನ್, ಚಿಂಗ್‌ಚಿಯೂ ಎಂಬ ನಾಡಿನ ಒಂಬತ್ತು ಬಾಲದ ನರಿ. ಈ ನಾಡೂ ಈ ನರಿಯೂ ‘ಬೆಟ್ಟ ಕಡಲುಗಳ ಗ್ರಂಥ’ ಎಂಬ ಪುರಾತನ ಚೀನೀ ಕೃತಿಯಲ್ಲೇ ಇವೆ. ನಟಿ ಯಾಂಗ್ ಮಿ ಇಲ್ಲಿ ಒಬ್ಬಳದೇ ಮೂರು ಬಾಳನ್ನು ಆಡುತ್ತಾಳೆ: ಗಂಡುವೇಷದ ಶಿಷ್ಯ ಸಿ ಯಿನ್, ಬೆಟ್ಟದ ಒಂಟಿ ಹೆಣ್ಣು ಸು ಸು, ನರಿಕುಲದ ರಾಣಿ ಬಾಯ್ ಚಿಯೆನ್. ಜೊತೆಗೆ ಗುರು ಮೊ ಯುವಾನ್, ನಾಯಕ ಯೆ ಹುವಾ ಇಬ್ಬರೂ ನಟ ಮಾರ್ಕ್ ಚಾವ್ ಅವರೇ. ಇದು ತಿಳಿಯದೆ ಹತ್ತನೇ ಕಂತಿಗೆ ಬಿಟ್ಟವರು ಬಹಳ ಮಂದಿ.

[ತೆರೆಯ ಮೇಲೆ: ಒಬ್ಬ ವ್ಯಕ್ತಿಯ ಚಿತ್ರ, ಪಕ್ಕದಲ್ಲಿ ಮೂರು ಹೆಸರು]

ಹೆಸರಿನ ತೊಡಕಿಗೆ ಬರೋಣ. 2019ರ ದಿ ಅನ್‌ಟೇಮ್ಡ್, ಟೆನ್ಸೆಂಟ್ ಸಂಸ್ಥೆಯದು, 50 ಕಂತು. ನಾಯಕನ ಹುಟ್ಟುಹೆಸರು ವೇ ಯಿಂಗ್. ಬೆಳೆದ ಮೇಲೆ ಇಟ್ಟ ಗೌರವದ ಹೆಸರು ವೇ ವೂಶಿಯೆನ್. ಲೋಕ ಕೊಟ್ಟ ಬಿರುದು ಯಿಲಿಂಗ್ ಲಾವ್‌ಜು. ಗೆಳೆಯನೂ ಹಾಗೇ: ಲಾನ್ ಜಾನ್, ಲಾನ್ ವಾಂಗ್‌ಜಿ, ಹಾನ್‌ಗುವಾಂಗ್‌ಜುನ್. ಹುಟ್ಟುಹೆಸರು ಕರೆಯುವ ಸಲಿಗೆ ಮನೆಯವರಿಗೆ, ತೀರಾ ಹತ್ತಿರದವರಿಗೆ ಮಾತ್ರ. ವೇ ಯಿಂಗ್ ಎಲ್ಲರೆದುರು ‘ಲಾನ್ ಜಾನ್!’ ಎಂದು ಕೂಗುವಾಗ ಸುತ್ತಲಿನವರು ಬೆಚ್ಚುವುದು ಅದಕ್ಕೇ. ಸಬ್‌ಟೈಟಲ್ ಒಂದೇ ಹೆಸರು ತೋರಿಸಿದರೂ ಕಿವಿ ಕೊಟ್ಟು ಕೇಳಿ.

ಲಾನ್ ಮನೆತನದವರ ಹಣೆಪಟ್ಟಿ ಗಮನಿಸಿ. ಅದನ್ನು ಹೊರಗಿನವರು ಮುಟ್ಟುವಂತಿಲ್ಲ. ಗುಹೆಯೊಂದರಲ್ಲಿ ಏಳು ತಂತಿಯ ಮಾಯದ ಗುಚಿನ್ ವಾದ್ಯ, ಲಾನ್ ಕುಲದವನಲ್ಲದ ವೇ ಯಿಂಗ್‌ನ ಮೇಲೆ ಎರಗುವಾಗ, ಲಾನ್ ಜಾನ್ ಆ ಪಟ್ಟಿ ಬಿಚ್ಚಿ ಅವನ ಕೈಗೆ ಸುತ್ತುತ್ತಾನೆ. ಒಂದು ಮಾತಿಲ್ಲ. ಮೂಲ ಕಾದಂಬರಿಯಲ್ಲಿ ಇಬ್ಬರು ಗಂಡಸರ ಪ್ರೇಮಕಥೆಯಾಗಿದ್ದದ್ದನ್ನು ಚೀನಾದ ಸೆನ್ಸಾರ್ ಬಿಡುವುದಿಲ್ಲ. ಧಾರಾವಾಹಿ ಅದಕ್ಕೆ ‘ಜಿಜಿ’, ಅಂದರೆ ನನ್ನನ್ನು ಬಲ್ಲವನು, ಎಂಬ ಹಳೆಯ ಮಾತನ್ನು ಹಿಡಿಯಿತು. ತನ್ನ ಸಂಗೀತವನ್ನು ಬಲ್ಲ ಗೆಳೆಯ ಸತ್ತನೆಂದು ವಾದ್ಯದ ತಂತಿ ಕಡಿದ ಬೊ ಯಾ ಎಂಬ ವಾದಕನ ಕಥೆಯನ್ನು ಚೀನಾದಲ್ಲಿ ಎಲ್ಲರೂ ಬಲ್ಲರು. ಹಾಗಾಗಿ ಆಡದೆ ಬಿಟ್ಟದ್ದು ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತದೆ.

ಇನ್ನು ಕೂತು ನೋಡುವ ಲೆಕ್ಕ. ಕಂತಿಗೆ ಸುಮಾರು 45 ನಿಮಿಷ. ಎಟರ್ನಲ್ ಲವ್ 58 ಕಂತು, ಆಶಸ್ ಆಫ್ ಲವ್ 63, ಅಂದರೆ 43 ಗಂಟೆ, 47 ಗಂಟೆ. 2020ರ ಫೆಬ್ರವರಿಯಲ್ಲಿ ಚೀನಾದ ಪ್ರಸಾರ ಇಲಾಖೆ ಧಾರಾವಾಹಿಗಳು 40 ಕಂತು ಮೀರದಿರಲಿ ಎಂದು ಸೂಚನೆ ಹೊರಡಿಸಿತು. ಆಮೇಲೆ ಬಂದವು ಬಿಗಿಯಾಗಿವೆ. 2023ರ ಟಿಲ್ ದಿ ಎಂಡ್ ಆಫ್ ದಿ ಮೂನ್ ಸರಿಯಾಗಿ 40. ಚೀನಾದ ದುನ್‌ಹುವಾಂಗ್ ಬೌದ್ಧ ಗುಹೆಗಳ ಚಿತ್ರಗಳಿಂದ ಅದರ ಉಡುಪು, ಬಣ್ಣ ಬಂದಿವೆ, ಕಣ್ಣಿಗೆ ಹಬ್ಬ. ಹಳೆಯ ಉದ್ದದ ಸರಣಿಗಳು ನಡುಭಾಗದಲ್ಲಿ ಎಳೆಯುತ್ತವೆ. ಅಲ್ಲಿ ಎರಡನೇ ಜೋಡಿಯ ದೃಶ್ಯಗಳನ್ನು ವೇಗ ಹೆಚ್ಚಿಸಿ ನೋಡಬಹುದು, ಮೊದಲ ಆರು ಕಂತನ್ನು ಮಾತ್ರ ಓಡಿಸಬೇಡಿ.

ತುಟಿಗೂ ಮಾತಿಗೂ ಹೊಂದದಿದ್ದರೆ ನಿಮ್ಮ ನೆಟ್ ಕೆಟ್ಟಿಲ್ಲ. ಹೆಂಗ್‌ದಿಯೆನ್‌ನಂಥ ಚಿತ್ರನಗರಿಗಳಲ್ಲಿ ಅಕ್ಕಪಕ್ಕದಲ್ಲೇ ಹಲವು ಚಿತ್ರೀಕರಣ ನಡೆಯುತ್ತವೆ, ಗದ್ದಲ ಜಾಸ್ತಿ. ನಟರ ಪ್ರಾಂತ್ಯದ ಉಚ್ಚಾರಣೆಯೂ ಬೇರೆ ಬೇರೆ. ಆದ್ದರಿಂದ ಕಂಠದಾನ ಕಲಾವಿದರು ಆಮೇಲೆ ದನಿ ಕೊಡುತ್ತಾರೆ. ಅವರ ಕೆಲಸ ತುಂಬಾ ಉನ್ನತ ಮಟ್ಟದ್ದು. ಬೇರೆ ಭಾಷೆಗೆ ಡಬ್ ಆದದ್ದನ್ನು ಬಿಟ್ಟು ಚೀನೀ ದನಿಯಲ್ಲೇ ನೋಡಿ.

ಭಾರತದಲ್ಲಿ ಟೆನ್ಸೆಂಟ್‌ನ ವೀಟಿವಿ, ಮ್ಯಾಂಗೋ ಟಿವಿ ಆ್ಯಪ್‌ಗಳು 2020ರ ನವೆಂಬರ್‌ನಲ್ಲಿ ನಿಷೇಧವಾದವು. ಆದರೆ ನಿರ್ಮಾಣ ಸಂಸ್ಥೆಗಳ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಹಿತ ಎಷ್ಟೋ ಸರಣಿಗಳಿವೆ. ತುಣುಕು ವಿಡಿಯೋ ಮಾತ್ರ ಮುಟ್ಟಬೇಡಿ. ಅವುಗಳ ಶೀರ್ಷಿಕೆಯಲ್ಲೇ ಯಾರು ಸತ್ತರು ಅಂತ ಬರೆದಿರುತ್ತದೆ.

ಮೊದಲ ಬಾರಿ ನೋಡುವವರು ಫೇರಿ ಆಂಡ್ ಡೆವಿಲ್ ಹಿಡಿಯಿರಿ. ಅದು ಮುಗಿದ ಮೇಲೆ ಅನ್‌ಟೇಮ್ಡ್. ಅದರ ಮೊದಲ ಎರಡು ಕಂತು ಯಾರಿಗೂ ಅರ್ಥವಾಗುವುದಿಲ್ಲ. ನಾಯಕ ಸತ್ತು ಹದಿನಾರು ವರ್ಷ ಕಳೆದು ಮರಳಿರುತ್ತಾನೆ, ಎಲ್ಲರೂ ಎಲ್ಲವನ್ನೂ ಬಲ್ಲವರಂತೆ ಮಾತಾಡುತ್ತಾರೆ. ಮೂರರಿಂದ ಹೆಚ್ಚುಕಡಿಮೆ 33ರವರೆಗೆ ಹಿಂದಿನ ಕಥೆ. 33 ಮುಗಿಸಿ ನೇರ ಮುಂದಕ್ಕೆ ಹೋಗಬೇಡಿ. ಒಂದು, ಎರಡು ಮತ್ತೆ ಹಾಕಿ. ಕಾಡಿನಲ್ಲಿ ಒರಟು ಬಿದಿರಿನ ಕೊಳಲು ಊದುತ್ತಿರುವವನ ಕೈಯನ್ನು ಲಾನ್ ಜಾನ್ ಗಟ್ಟಿಯಾಗಿ ಹಿಡಿಯುತ್ತಾನಲ್ಲ, ಆ ರಾಗ ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತಿರುತ್ತದೆ.

[ಕೊಳಲಿನ ದನಿ. ತೆರೆ ಕಪ್ಪಾಗುತ್ತದೆ.]