ಹಳದಿ ತಂತಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಪೇಪರು, ಕಾಫಿ ಬಿಟ್ಟು ಎಸ್‌ಎಂಪಿಎಸ್ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ ಅಂದ್ರೆ, ಅರ್ಧ ಜನರ ಮನೇಲಿ ಒಂದು ಕಂಪ್ಯೂಟರ್ ಸತ್ತು ಮೂಲೆ ಸೇರಿದೆ ಅಂತಲೇ ನಾನು ತಿಳ್ಕೊಂಡಿದ್ದೀನಿ.

ಎಸ್‌ಎಂಪಿಎಸ್‌ಗೆ ಪವರ್ ಸಪ್ಲೈ ಅನ್ನೋದು ಪುಸ್ತಕದಲ್ಲಿರೋ ಹೆಸರು. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರೋಡಲ್ಲಿ ಹಾಗೆ ಕೇಳಿದ್ರೆ ಅಂಗಡಿಯವರು ಒಂದು ಕ್ಷಣ ಮುಖ ನೋಡಿ, "ಎಸ್‌ಎಂಪಿಎಸ್ಸಾ ಸಾರ್?" ಅಂತ ತಿದ್ದುತ್ತಾರೆ. ಗೋಡೆಯಿಂದ ಬರೋ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿ ಮಾಡಿ ಒಳಗಿನವರಿಗೆ ಹಂಚೋ ತಗಡಿನ ಡಬ್ಬಿ ಅದು. ಮನೆಗೆ ಅಡುಗೆಯವರು ಇದ್ದ ಹಾಗೆ. ಸರಿಯಾಗಿ ನಡೀತಿರೋವರೆಗೂ ಯಾರೂ ಆ ಕಡೆ ತಿರುಗಿ ನೋಡಲ್ಲ.

ಚಾಮರಾಜಪೇಟೆಯಲ್ಲಿ ನನ್ನ ಸ್ನೇಹಿತರೊಬ್ಬರದು ಡಿಟಿಪಿ ಅಂಗಡಿ. ಶ್ರಾವಣ ಶುರುವಾಗಿ ಲಗ್ನಪತ್ರಿಕೆ ಕೆಲಸ ಮೇಲೆ ಮೇಲೆ ಬೀಳ್ತಿದ್ದ ಕಾಲ. ಪೇಜ್‌ಮೇಕರು, ನುಡಿ ಫಾಂಟು, ಹತ್ತು ವರ್ಷದ ಫೈಲುಗಳು ಎಲ್ಲಾ ಇದ್ದ ಹಳೇ ಮಷೀನ್ ಒಂದು ಬೆಳಿಗ್ಗೆ ಆನ್ ಆಗಲಿಲ್ಲ. ಇವರು ನೇರ ಹೋಗಿ, "500 ವಾಟ್ ಇದೆ ಸಾರ್, ಕಣ್ಮುಚ್ಕೊಂಡು ಹಾಕಿ" ಅಂದವರ ಹತ್ರ ಒಂದು ಎಸ್‌ಎಂಪಿಎಸ್ ತಂದ್ರು. ಕಣ್ಣು ಮುಚ್ಕೊಂಡೇ ಹಾಕಿದ್ರು. ಮೂರು ವಾರಕ್ಕೆ ಅದು ಹೋಯ್ತು, ಹೋಗ್ತಾ ಮದರ್‌ಬೋರ್ಡನ್ನೂ ಜೊತೆಗೆ ಕರ್ಕೊಂಡು ಹೋಯ್ತು. ಆಮೇಲೆ ನನಗೆ ಫೋನ್ ಬಂತು.

ಆ ಎಸ್‌ಎಂಪಿಎಸ್ ಇಲ್ಲೇ ಇದೆ, ಮೇಜಿನ ಮೇಲೆ. ಪಕ್ಕದ ಲೇಬಲ್ ಓದೋಣ. ದೊಡ್ಡ ಅಕ್ಷರದಲ್ಲಿ 500. ಪಕ್ಕದಲ್ಲಿ ಡಬ್ಲ್ಯು ಅನ್ನೋ ಅಕ್ಷರ ಇದೆಯಾ? ಇಲ್ಲ. 500 ಅನ್ನೋದು ಮಾಡೆಲ್ ನಂಬರ್! ಕೆಳಗಿನ ಸಣ್ಣ ಕೋಷ್ಟಕದಲ್ಲಿ ಪ್ಲಸ್ 12 ವೋಲ್ಟ್ ಸಾಲು ನೋಡಿ, 14 ಆಂಪಿಯರ್. ವೋಲ್ಟನ್ನ ಆಂಪಿಯರ್‌ನಿಂದ ಗುಣಿಸಿದ್ರೆ ವಾಟ್. 12 ಹದಿನಾಲ್ಕಲಿ 168. ಅಷ್ಟೇ ವಾಟ್. ಅದೂ ಲೇಬಲ್ ಸತ್ಯ ಹೇಳ್ತಿದ್ರೆ.

ಯಾಕೆ 12 ವೋಲ್ಟ್ ಸಾಲನ್ನೇ ನೋಡಬೇಕು? ಇಂಟೆಲ್‌ನವರು 1995ರಲ್ಲಿ ಎಟಿಎಕ್ಸ್ ಅನ್ನೋ ಅಳತೆ ತಂದಾಗ ಪ್ರೊಸೆಸರ್‌ಗೆ ಬೇಕಾದ ಶಕ್ತಿ ಬರ್ತಿದ್ದದ್ದು 5 ಮತ್ತು 3.3 ವೋಲ್ಟ್‌ನಿಂದ. 12 ವೋಲ್ಟ್ ಇದ್ದದ್ದು ಹಾರ್ಡ್ ಡಿಸ್ಕ್ ಮೋಟರ್‌ಗೆ, ಫ್ಯಾನ್‌ಗೆ. 2000ದಲ್ಲಿ ಪೆಂಟಿಯಂ 4 ಬಂತು, ಅದರ ಹಸಿವು ಜಾಸ್ತಿ. ಹಾಗಾಗಿ ಪ್ರೊಸೆಸರ್‌ಗೇ ಅಂತ 12 ವೋಲ್ಟ್ ತರೋ ಹಳದಿ ತಂತಿಯ ಬೇರೆ ಪ್ಲಗ್ ಬಂತು, ನಾಲ್ಕು ಪಿನ್ನಿನದು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನೋದು ಹಳದಿ ತಂತಿಯಿಂದಲೇ. ಇನ್ನೂ 5 ವೋಲ್ಟ್ ಸಾಲಿಗೇ ಹೆಚ್ಚು ಆಂಪಿಯರ್ ತೋರಿಸೋ ಎಸ್‌ಎಂಪಿಎಸ್ ಅಂದ್ರೆ ಹಳೇ ವಿನ್ಯಾಸ, ಹೊಸ ಸ್ಟಿಕ್ಕರ್. ಒಳ್ಳೇದರಲ್ಲಿ 12 ವೋಲ್ಟಿನ ವಾಟ್ ಒಟ್ಟು ವಾಟ್‌ಗೆ ಹತ್ತಿರ ಹತ್ತಿರ ಇರುತ್ತೆ. 450 ವಾಟ್ ಅಂದ್ರೆ ಅಲ್ಲಿ 35, 36 ಆಂಪಿಯರ್ ಕಾಣಬೇಕು.

ಅಂಗಡಿಗೆ ಹೋಗೋ ಮುಂಚೆ ಸತ್ತಿರೋದು ನಿಜವಾಗ್ಲೂ ಎಸ್‌ಎಂಪಿಎಸ್ಸೇನಾ ನೋಡ್ಕೊಳ್ಳಿ. ರ‍್ಯಾಮ್ ತೆಗೆದು ಹಾಕಿ, ಪ್ಲಗ್ ಪಾಯಿಂಟ್ ಬದಲಿಸಿ. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ, ಮದರ್‌ಬೋರ್ಡಿನಿಂದ 24 ಪಿನ್ನಿನ ದೊಡ್ಡ ಪ್ಲಗ್ ಕಳಚಿ, ಅದರ ಹಸಿರು ತಂತಿಯನ್ನೂ ಪಕ್ಕದ ಕಪ್ಪು ತಂತಿಯನ್ನೂ ಬಗ್ಗಿಸಿದ ಜೆಮ್ ಕ್ಲಿಪ್‌ನಿಂದ ಜೋಡಿಸಿ, ಕರೆಂಟ್ ಕೊಡಿ. ಫ್ಯಾನ್ ತಿರುಗಿದ್ರೆ ಪೂರ್ತಿ ಸತ್ತಿಲ್ಲ ಅಂತ, ಅಷ್ಟೇ. ತಿರುಗಿದ ಮಾತ್ರಕ್ಕೆ ಆರೋಗ್ಯವಾಗಿದೆ ಅಂತಲ್ಲ. ಮಲ್ಟಿಮೀಟರ್ ಇದ್ರೆ ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಬರಬೇಕು. ಒಂದು ಮಾತು: ತಗಡಿನ ಡಬ್ಬಿಯನ್ನೇ ಬಿಚ್ಚೋಕೆ ಹೋಗಬೇಡಿ. ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳೋ ದಪ್ಪ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲೆ ತುಂಬಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಉಳಿದಿರಬಹುದು.

ಈಗ ಎಷ್ಟು ವಾಟ್? ಟೈಪಿಂಗ್, ಟ್ಯಾಲಿ, ಯೂಟ್ಯೂಬ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದ್ರೆ ನಿಮ್ಮ ಮಷೀನ್ ಸುಮಾರು 100 ವಾಟ್ ತಿನ್ನುತ್ತೆ, ಬಹಳಷ್ಟು ಹೊತ್ತು ಅದಕ್ಕಿಂತ ಕಡಿಮೆ. ನಿಜವಾದ 400 ವಾಟಿನ ಎಸ್‌ಎಂಪಿಎಸ್ ಧಾರಾಳ. ಮಗ ಗೇಮ್ ಆಡ್ತಾನೆ ಅಂದ್ರೆ ಕಾರ್ಡ್ ಮಾಡಿದ ಕಂಪನಿಯವರೇ ಎಷ್ಟು ಬೇಕು ಅಂತ ಹೇಳಿರ್ತಾರೆ. ಆರ್‌ಟಿಎಕ್ಸ್ 3060 ಅನ್ನೋ ಕಾರ್ಡ್ ತಾನು ತಿನ್ನೋದು 170 ವಾಟ್, ಅದನ್ನ ಮಾಡಿದ ಎನ್‌ವಿಡಿಯಾ ಹೇಳೋದು 550 ವಾಟಿನ ಎಸ್‌ಎಂಪಿಎಸ್ ಹಾಕಿ ಅಂತ. ಅದು ಅತಿಯಾಯ್ತು ಅಂತ ನನಗನ್ನಿಸಲ್ಲ. ಆದ್ರೆ ಟೈಪಿಂಗ್ ಮಷೀನ್‌ಗೆ 850 ವಾಟ್ ಹಾಕಿಸ್ಕೊಂಡು ಬಂದವರನ್ನೂ ನೋಡಿದ್ದೀನಿ. ಇಬ್ಬರಿರೋ ಮನೆಗೆ ಛತ್ರದ ಕೊಪ್ಪರಿಗೆ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಪದಕ ಅಂಟಿಸಿರ್ತಾರಲ್ಲ, ಅದು ಎಷ್ಟು ಕರೆಂಟ್ ಪೋಲಾಗುತ್ತೆ ಅನ್ನೋದರ ಲೆಕ್ಕ. ಗಟ್ಟಿತನದ ಪ್ರಮಾಣಪತ್ರ ಅಲ್ಲ. 115 ವೋಲ್ಟ್ ಅಳತೆಯಲ್ಲಿ, ಐದನೇ ಒಂದು ಭಾಗ ಲೋಡ್ ಇದ್ದಾಗ ಬ್ರಾಂಜ್‌ಗೆ 82 ಶೇಕಡಾ, ಗೋಲ್ಡ್‌ಗೆ 87 ಶೇಕಡಾ ದಕ್ಷತೆ ಇರಬೇಕು. 100 ವಾಟಿನ ಮಷೀನ್‌ಗೆ ವ್ಯತ್ಯಾಸ ಸುಮಾರು 7 ವಾಟ್. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 20 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೆ 120 ರೂಪಾಯಿ ಉಳಿತಾಯ. ಗೋಲ್ಡ್‌ಗೆ ಎಷ್ಟು ಹೆಚ್ಚು ಕೇಳ್ತಾರೆ ಅಂತ ನೋಡ್ಕೊಂಡು ನೀವೇ ಲೆಕ್ಕ ಹಾಕಿ. ಆ ಪರೀಕ್ಷೆ ನಡೆಯೋದು 23 ಡಿಗ್ರಿ ಆಸುಪಾಸಿನಲ್ಲಿ, ಅಂದ್ರೆ ನಮ್ಮ ಒಳ್ಳೇ ಕಾಲದ ಹವೆ. ಏಪ್ರಿಲ್‌ನಲ್ಲಿ ಶೀಟ್ ಮನೆಯೊಳಗೆ, ಗೋಡೆಗೆ ಒತ್ತಿ ಇಟ್ಟ ಕ್ಯಾಬಿನೆಟ್‌ನ ಹವೆ ಬೇರೆ. ಕೆಪಾಸಿಟರ್ ಬಿಸಿ 10 ಡಿಗ್ರಿ ಏರಿದ್ರೆ ಅದರ ಆಯಸ್ಸು ಅರ್ಧ ಅಂತ ಎಲೆಕ್ಟ್ರಾನಿಕ್ಸ್‌ನವರ ಲೆಕ್ಕಾಚಾರ. ಅದಕ್ಕೇ ನಾನು ಪದಕಕ್ಕಿಂತ ಮುಂಚೆ ವಾರಂಟಿ ನೋಡೋದು. ಐದು ವರ್ಷ ಕೊಡೋರು ಒಳಗೆ 105 ಡಿಗ್ರಿ ಬಿಸಿ ತಡೆಯೋ ಕೆಪಾಸಿಟರ್ ಹಾಕಿರೋ ಸಾಧ್ಯತೆ ಹೆಚ್ಚು. "ಬಿಲ್ ಬೇಕಾ, ಬೇಡ್ವಾ?" ಅಂತ ಕೇಳ್ತಾರೆ. ಬೇಕು ಅನ್ನಿ, ಬಿಲ್ ಇಲ್ಲದ ವಾರಂಟಿ ಬಾಯಿಮಾತು.

ಪ್ಲಗ್ಗುಗಳ ವಿಷಯಕ್ಕೆ ಬರ್ತೀನಿ. ಇಲ್ಲಿ ನನ್ನದೇ ತಪ್ಪು ಒಂದಿದೆ. ಕೇಬಲ್ ಬಿಡಿಬಿಡಿಯಾಗಿ ಕಳಚೋ ಮಾಡ್ಯುಲರ್ ಎಸ್‌ಎಂಪಿಎಸ್ ಗೊತ್ತಲ್ಲ? ಹಳೇದನ್ನು ತೆಗೆದು ಬೇರೆ ಕಂಪನಿಯದು ಹಾಕುವಾಗ, ಹಾರ್ಡ್ ಡಿಸ್ಕಿನ ಹಳೇ ಕೇಬಲ್ ಅಂದವಾಗಿ ಕಟ್ಟಿದೆ, ಇರಲಿ ಬಿಡು ಅಂತ ಅದನ್ನೇ ಹೊಸ ಡಬ್ಬಿಗೆ ಚುಚ್ಚಿದೆ. ಟಕ್ ಅಂತ ಕೂತ್ಕೊಳ್ತು. ಆನ್ ಮಾಡಿದೆ. ಡಿಸ್ಕಿನ ಹಸಿರು ಬೋರ್ಡಿನಿಂದ ಊದಿನಕಡ್ಡಿಯ ಹಾಗೆ ಒಂದೇ ಎಳೆ ಹೊಗೆ ಎದ್ದು, ಸುಟ್ಟ ವಾಸನೆ ಹೊಡೀತು. ಡಿಸ್ಕಿನ ಕಡೆಯ ಪ್ಲಗ್ಗಿಗೆ ಜಗತ್ತಿಗೆಲ್ಲ ಒಂದೇ ನಿಯಮ. ಡಬ್ಬಿಯ ಕಡೆಯದಕ್ಕೆ ಯಾವ ನಿಯಮವೂ ಇಲ್ಲ, ಕಂಪನಿಗೊಂದು ಥರ ತಂತಿ ಜೋಡಿಸಿರ್ತಾರೆ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿತ್ತು. ಮಗಳ ನಾಮಕರಣದ ಫೋಟೋಗಳು ಅದರಲ್ಲಿದ್ವು. ಮನೆಯಲ್ಲಿ ಇವತ್ತಿಗೂ ಆ ಮಾತು ಬರುತ್ತೆ.

ಹಾಗೇ, ಪ್ರೊಸೆಸರ್‌ನ ಎಂಟು ಪಿನ್ನು, ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನು ಅವಳಿ ಮಕ್ಕಳ ಥರ ಕಾಣುತ್ತವೆ. ಆದ್ರೆ ಹಳದಿ-ಕಪ್ಪು ಸಾಲು ಅದಲುಬದಲು. ನಾಲ್ಕು-ನಾಲ್ಕಾಗಿ ಒಡೆಯೋದು ಪ್ರೊಸೆಸರ್‌ದು, ಆರು-ಎರಡಾಗಿ ಒಡೆಯೋದು ಕಾರ್ಡಿಂದು. ಒಳಗೆ ಹೋಗ್ತಿಲ್ಲ ಅಂದ್ರೆ ಬಲ ಹಾಕಬೇಡಿ.

ಬೆಂಗಳೂರಲ್ಲಿ ಇನ್ನೊಂದು ಪಂಗಡ ಇದೆ: ದೊಡ್ಡ ಕಂಪನಿಗಳಲ್ಲಿ ಲೀಸ್ ಮುಗಿದು ಸೆಕೆಂಡ್ ಹ್ಯಾಂಡ್ ಆಗಿ ಬರೋ ಆಫೀಸ್ ಮಷೀನುಗಳು. ಚೆನ್ನಾಗೇ ಇರುತ್ತವೆ. ಆದ್ರೆ ಎಷ್ಟೋ ಮಾಡೆಲ್‌ಗಳಲ್ಲಿ 24 ಪಿನ್ನೇ ಇರಲ್ಲ, ಆ ಕಂಪನಿಯದೇ ಆರು ಪಿನ್ನೋ ಎಂಟು ಪಿನ್ನೋ. ಡಬ್ಬಿಯ ಆಕಾರವೂ ಬೇರೆ. ಮಾಮೂಲಿ ಎಟಿಎಕ್ಸ್ ಡಬ್ಬಿ 150 ಮಿಲಿಮೀಟರ್ ಅಗಲ, 86 ಎತ್ತರ. ಸ್ಲಿಮ್ ಕ್ಯಾಬಿನೆಟ್‌ಗೆ ಅದು ಹೋಗೋದೇ ಇಲ್ಲ. ಅಂಥವರು ಹಳೇ ಎಸ್‌ಎಂಪಿಎಸ್ಸನ್ನೇ ಚೀಲದಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗಿ. ಫೋಟೋ ತೋರಿಸಿದ್ರೆ ಸಾಲದು.

ಇನ್ನು ಬಹಳ ಜನ ಕೇಳೋದು, "ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ, ಎಸ್‌ಎಂಪಿಎಸ್ ಲೀಕ್ ಇದೆಯಾ?" ಒಬ್ಬ ಯಜಮಾನರು ಇದಕ್ಕೇ ಎರಡು ಸಲ ಬದಲಾಯಿಸಿದ್ರು. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆ ಸೋಸೋಕೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ, ಒಂದು ಫೇಸ್‌ನಿಂದ ಹೊರಗಿನ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ತಗಡಿಗೆ. ತಗಡು ಇರೋದು ಎರಡರ ನಡುವೆ. ಅರ್ಥಿಂಗ್ ಇದ್ರೆ ಆ ಚೂರು ಕರೆಂಟ್ ಭೂಮಿಗೆ ಹೋಗುತ್ತೆ. ಇಲ್ಲದಿದ್ರೆ 230ರ ಅರ್ಧ, 115 ವೋಲ್ಟ್ ಆಸುಪಾಸು ಕ್ಯಾಬಿನೆಟ್ ಮೇಲೆ ನಿಂತಿರುತ್ತೆ. ಟೆಸ್ಟರ್ ಇಟ್ರೆ ಉರಿಯುತ್ತೆ. ಹೊಸ ಎಸ್‌ಎಂಪಿಎಸ್ ಹಾಕಿದ್ರೂ ಅಷ್ಟೇ, ಅದರಲ್ಲೂ ಅದೇ ಎರಡು ಕೆಪಾಸಿಟರ್. ಹಳೇ ವಠಾರದ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತೆ, ಹಿಂದೆ ಮೂರನೇ ತಂತಿ ಇರಲ್ಲ. ಕರೀಬೇಕಾದ್ದು ಎಲೆಕ್ಟ್ರಿಷಿಯನ್‌ನ.

ಯುಪಿಎಸ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಮನೇಲಿ ಇರೋ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವಾಟ್. ಗೋಡೆಯ ಕರೆಂಟನ್ನ ಹದವಾಗಿ ಎಳೆಯೋ ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರೋ ಕೆಲವು ಹೊಸ ಎಸ್‌ಎಂಪಿಎಸ್‌ಗಳಿಗೆ ಅಗ್ಗದ ಯುಪಿಎಸ್ ಕೊಡೋ ಕರೆಂಟಿನ ಚೌಕ ಅಲೆ ಒಗ್ಗಲ್ಲ. ಮೊದಲ ಮಳೆಗೆ ಕರೆಂಟ್ ಹೋದ ತಕ್ಷಣ ಯುಪಿಎಸ್ ಕೀ ಅಂತ ಕೂಗುತ್ತೆ, ಕಂಪ್ಯೂಟರ್ರೂ ರೀಸ್ಟಾರ್ಟ್ ಆಗುತ್ತೆ. ತಂದ ದಿನವೇ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷೆ ಮಾಡಿ, ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ.

ಚಾಮರಾಜಪೇಟೆ ಸ್ನೇಹಿತರ ಮಷೀನ್‌ಗೆ ಕೊನೆಗೆ ಸೆಕೆಂಡ್ ಹ್ಯಾಂಡ್ ಬೋರ್ಡು, 450 ವಾಟಿನ ಎಸ್‌ಎಂಪಿಎಸ್ಸು ಹಾಕಿದ್ವಿ, ಡಿಸ್ಕ್ ಉಳಿದಿತ್ತು. ಈಗ ಈ ಮೂರು ಡಬ್ಬಿಗಳನ್ನ ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ, 12 ವೋಲ್ಟ್ ಸಾಲು ಎಲ್ಲಿದೆ ಅಂತ ನೀವೇ ಹುಡುಕಿ. ಅಕ್ಷರ ಸಣ್ಣದು, ಕನ್ನಡಕ ಇದ್ದವರು ಹಾಕ್ಕೊಳ್ಳಿ.