ಹಳೆಯ ಪುಸ್ತಕದ ಒಳಮೈ

ಈ ವಿಡಿಯೊದಲ್ಲಿ ಸಾಕಷ್ಟು ಪುಸ್ತಕ ತೆರೆಯುತ್ತೇನೆ, ಆದರೆ ಒಂದು ಸಾಲೂ ಓದುವುದಿಲ್ಲ. ಅಪರೂಪದ ಪುಸ್ತಕಗಳ ಅಧ್ಯಯನದಲ್ಲಿ ಇದು ಮಾಮೂಲು. ಇಲ್ಲಿ ಓದುವುದು ಕಾಗದವನ್ನು, ಮಡಿಕೆಯನ್ನು, ಹೊಲಿಗೆಯನ್ನು.

ಮೊದಲು ಗ್ಲೌಸ್ ವಿಷಯ ಮುಗಿಸಿಬಿಡೋಣ. ಸಿನಿಮಾದಲ್ಲಿ ಬಿಳಿ ಗ್ಲೌಸ್ ಹಾಕಿಕೊಂಡು ಪುಟ ತಿರುಗಿಸುತ್ತಾರಲ್ಲ, ವಿಶೇಷ ಸಂಗ್ರಹಗಳಲ್ಲಿ ಈಗ ಅದು ಕಡಿಮೆ. ಬಟ್ಟೆಯೊಳಗಿನ ಬೆರಳಿಗೆ ಹಾಳೆಯ ಅಂಚು ಸರಿಯಾಗಿ ತಿಳಿಯುವುದಿಲ್ಲ, ಹರಿಯುವ ಭಯ ಜಾಸ್ತಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಆದರೆ 19ನೇ ಶತಮಾನದ ಹೊಳೆಯುವ ಹಸಿರು ಬಟ್ಟೆಯ ಬೈಂಡ್ ಕಂಡರೆ ಹುಷಾರು. ಕೆಲವದರ ಬಣ್ಣದಲ್ಲಿ ಆರ್ಸೆನಿಕ್ ಅನ್ನೋ ವಿಷ ಇದೆ!

ಈಗ ನೋಡಿ, ಹಾಳೆಯ ಹಿಂದೆ ದೀಪ ಹಿಡಿದಿದ್ದೇನೆ. ದೂರದೂರಕ್ಕೆ ಗೆರೆ ಕಾಣುತ್ತಿವೆಯಾ? ಕೈಯಲ್ಲಿ ಕಾಗದ ಮಾಡುವಾಗ ತಂತಿಯ ಜರಡಿ ಬಿಟ್ಟ ಗುರುತು ಅವು. ಚೈನ್ ಲೈನ್ ಅನ್ನುತ್ತಾರೆ. ದೊಡ್ಡ ಹಾಳೆಯನ್ನು ಒಮ್ಮೆ ಮಡಿಸಿದರೆ ಫೋಲಿಯೊ. ಆಗ ಈ ಗೆರೆಗಳು ನೆಟ್ಟಗೆ ನಿಲ್ಲುತ್ತವೆ, ವಾಟರ್‌ಮಾರ್ಕ್, ಅಂದರೆ ಬೆಳಕಿಗೆ ಹಿಡಿದರೆ ಕಾಣುವ ಕಾಗದ ಮಾಡಿದವರ ಗುರುತು, ಪುಟದ ನಡುವೆ ಬರುತ್ತದೆ. ಎರಡು ಸಲ ಮಡಿಸಿದರೆ ಕ್ವಾರ್ಟೊ. ಗೆರೆಗಳು ಅಡ್ಡವಾಗುತ್ತವೆ, ವಾಟರ್‌ಮಾರ್ಕ್ ಹೊಲಿಗೆಯ ಸಂದಿಯಲ್ಲಿ ಅಡಗುತ್ತದೆ. ಇಡೀ ಪುಸ್ತಕದಲ್ಲಿ ಒಂದು ಹಾಳೆಯ ಗೆರೆ ಮಾತ್ರ ಬೇರೆ ದಿಕ್ಕಿಗಿದ್ದರೆ? ಅದನ್ನು ಆಮೇಲೆ ಯಾರೋ ಸೇರಿಸಿರಬಹುದು. ಅನುಮಾನ ಶುರುವಾಗುವುದೇ ಹೀಗೆ.

ಹಳೆಯದೆಲ್ಲಾ ನಾಜೂಕು ಅಂದುಕೊಳ್ಳಬೇಡಿ. 1450ರ ದಶಕದಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್‌ನ ಕಾಗದ ಇಂದಿಗೂ ಗಟ್ಟಿ, ಯಾಕೆಂದರೆ ಅದು ಹಳೆ ಬಟ್ಟೆಯ ನಾರಿನದು. 19ನೇ ಶತಮಾನದ ಕೊನೆಯ ಎಷ್ಟೋ ಪುಸ್ತಕಗಳು ಮುಟ್ಟಿದರೆ ಪುಡಿಯಾಗುತ್ತವೆ. ಮರದ ತಿರುಳಿನ ಆ ಕಾಗದವನ್ನು ಆಮ್ಲ ಒಳಗೊಳಗೇ ತಿನ್ನುತ್ತದೆ.

ಇನ್ನು ಕೈಕೆಲಸ. ನನಗೆ ತುಂಬಾ ಇಷ್ಟದ ಭಾಗ. ಹಳೆ ಬೈಂಡಿಂಗ್‌ನ ಬೆನ್ನಿನ ಮೇಲೆ ಅಡ್ಡ ಉಬ್ಬುಗಳಿರುತ್ತವಲ್ಲ, ಅವು ಸುಮ್ನೆ ಅಲಂಕಾರಕ್ಕೆ ಬಂದವಲ್ಲ. ಹಾಳೆಗಳ ಕಟ್ಟುಗಳನ್ನು ಹುರಿಯ ಮೇಲೆ ಹೊಲಿಯುತ್ತಾರೆ, ಆ ಹುರಿಯೇ ಚರ್ಮದಡಿ ಎದ್ದು ಕಾಣುವುದು. ಆಮೇಲಿನವರು ಚಂದಕ್ಕೆ ಅಂತ ನಕಲಿ ಉಬ್ಬನ್ನೂ ಅಂಟಿಸಿದರು. ಒಂದು ಸಲ ನೀವೇ ಹೊಲಿದರೆ ಈ ಮೋಸ ಹಿಡಿಯುವುದು ಸುಲಭ. ಕಟ್ಟಿನ ನಡುವಿನ ಪುಟ ತೆರೆದು, ದಾರ ಎಲ್ಲಿ ಹೊರಗೆ ಹೋಗುತ್ತದೆ ನೋಡಿ. ಉಬ್ಬಿನ ಜಾಗಕ್ಕೆ ಹೊಂದದಿದ್ದರೆ ಗೊತ್ತಾಯಿತಲ್ವಾ?

ಇಂಥ ಪುಸ್ತಕಗಳ ರಿಪೇರಿಗೆ ಬಳಸುವ ಅಂಟು ಗೋಧಿ ಪಿಷ್ಟದ್ದು. ನೀರು ತಾಗಿಸಿದರೆ ಬಿಡುತ್ತದೆ, ಮುಂದೆ ರಿಪೇರಿ ಮಾಡುವವರಿಗೆ ಬಿಚ್ಚಲು ಬರುತ್ತದೆ.

ನಿಜ ಹೇಳಬೇಕೆಂದರೆ, ಅಂದವಾದ ಪ್ರತಿಗಿಂತ ಬೆನ್ನು ಕಿತ್ತುಹೋದ ಪ್ರತಿ ಸಿಕ್ಕರೆ ನನಗೆ ಖುಷಿ. ಹಿಂದಿನ ಬೈಂಡರ್‌ಗಳು ಬೇಡವಾದ ಹಸ್ತಪ್ರತಿಗಳನ್ನು ಕತ್ತರಿಸಿ ಬೆನ್ನಿನೊಳಗೆ ಅಂಟಿಸುತ್ತಿದ್ದರು. ಯುರೋಪಿನ ಮಧ್ಯಯುಗದ ಎಷ್ಟೋ ಬರಹದ ಚೂರುಗಳು ಉಳಿದಿರುವುದು ಹೀಗೇ. ಹೊಸ ಚರ್ಮ ಹೊದಿಸಿಬಿಟ್ಟರೆ ಇದ್ಯಾವುದೂ ಕಾಣುವುದಿಲ್ಲ. ನಿಮ್ಮ ಹತ್ತಿರ ತುಂಬಾ ಹಳೆಯ, ಹರಿದ ಪುಸ್ತಕ ಇದ್ದರೆ ಬೈಂಡ್ ಮಾಡಿಸುವ ಮುಂಚೆ ಅದರ ಬೆನ್ನು, ಹೊಲಿಗೆ ಎಲ್ಲದರ ಫೋಟೊ ತೆಗೆದಿಡಿ.