ಕನ್ನಡಕ ಇಲ್ಲ, ಕರೆಂಟ್ ಇಲ್ಲ, ಟಾರ್ಚ್ ಎಲ್ಲಿ?

ಈಗ ನಿಮಗೆ ಕಾಣುತ್ತಿರುವುದು ಬರೀ ಕಪ್ಪು. ನಿಮ್ಮ ಫೋನ್ ಕೆಟ್ಟಿಲ್ಲ, ವಿಡಿಯೋ ನಿಂತೂ ಇಲ್ಲ. ಮೊನ್ನೆ ರಾತ್ರಿ ನನಗೆ ಕಂಡಿದ್ದೂ ಇಷ್ಟೇ.

ನನ್ನ ಕನ್ನಡಕದ ಕಡ್ಡಿ ಸಡಿಲ ಆಗಿತ್ತು. ಮೇಜಿನ ಮುಂದೆ ಕೂತು ಅದರ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಸ್ಕ್ರೂ ಅಂದರೆ ಎಷ್ಟು ದೊಡ್ಡದು, ಒಂದು ಇರುವೆಯಷ್ಟು. ಅಷ್ಟರಲ್ಲಿ ಕರೆಂಟ್ ಹೋಯಿತು. ಕೈ ಅಲುಗಿತು. ಟಿಕ್ ಅಂತ ಸಣ್ಣ ಸದ್ದು. ಸ್ಕ್ರೂ ನೆಲಕ್ಕೆ.

ಫೋನ್ ಏನೋ ಕೈಗೆ ಸಿಕ್ಕಿತು. ಆದರೆ ಕನ್ನಡಕ ಎರಡು ತುಂಡಾಗಿ ಮೇಜಿನ ಮೇಲಿದೆ. ಅದಿಲ್ಲದೆ ಸ್ಕ್ರೀನ್ ಮೇಲಿನ ಐಕಾನ್‌ಗಳೆಲ್ಲ ನನಗೆ ಬಣ್ಣದ ಮಚ್ಚೆಗಳು. ಟಾರ್ಚ್ ಅಂದುಕೊಂಡು ಏರೋಪ್ಲೇನ್ ಮೋಡ್ ಒತ್ತಿದೆ. ಇನ್ನೊಂದು ಒತ್ತಿದೆ, ಸ್ಕ್ರೀನ್ ಅಡ್ಡಕ್ಕೆ ತಿರುಗಿತು. ಮೂರನೆಯದಕ್ಕೆ ಏನಾಯಿತೋ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಈ ವಿಡಿಯೋ. ಮನೆಯವರ ಫೋನ್‌ಗಳನ್ನೂ ಕೇಳಿ ತಂದಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದರಲ್ಲೂ ಟಾರ್ಚ್ ಆನ್ ಮಾಡಿ ನೋಡುತ್ತೇನೆ. ನೋಡದೆ ಆಗಬೇಕು. ಅದೇ ಷರತ್ತು.

ಮೊದಲು ಎಲ್ಲರಿಗೂ ಗೊತ್ತಿರುವ ದಾರಿ. ಸ್ಕ್ರೀನಿನ ಮೇಲಿಂದ ಬೆರಳು ಕೆಳಗೆಳೆದರೆ ಕ್ವಿಕ್ ಸೆಟ್ಟಿಂಗ್ಸ್ ಬರುತ್ತದೆ, ಅದರಲ್ಲಿ ಟಾರ್ಚ್ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ 2014ರ ಲಾಲಿಪಾಪ್ ಅನ್ನುವ ಆವೃತ್ತಿಯ ಕಾಲದಿಂದ ಈ ಬಟನ್ ಇದೆ. ಕೆಲವು ಹೊಸ ಫೋನ್‌ಗಳಲ್ಲಿ ಬಲ ಮೂಲೆಯಿಂದ ಎಳೆಯಬೇಕು, ಅಷ್ಟೇ. ನನ್ನ ತಪ್ಪು ಏನು ಗೊತ್ತಾ? ನನ್ನ ಫೋನಿನಲ್ಲಿ ಟಾರ್ಚ್ ಎರಡನೇ ಪುಟದಲ್ಲಿ, ಮೂರನೇ ಸಾಲಿನಲ್ಲಿ ಕೂತಿತ್ತು. ಇಲ್ಲಿ ನೋಡಿ, ಪೆನ್ಸಿಲ್ ಗುರುತು ಒತ್ತಿ, ಟಾರ್ಚನ್ನು ಹಿಡಿದೆಳೆದು ಮೊದಲ ಸಾಲಿನ ಮೂಲೆಗೆ ತಂದು ಬಿಟ್ಟೆ. ಮೂಲೆ ಯಾಕೆ ಅಂದರೆ, ಮೂಲೆಯನ್ನು ಹೆಬ್ಬೆರಳು ಫೋನಿನ ಅಂಚು ಹಿಡಿದೇ ಹುಡುಕಿಕೊಳ್ಳುತ್ತದೆ. ನಡುವೆ ಇದ್ದರೆ ಮತ್ತೆ ಏರೋಪ್ಲೇನ್ ಮೋಡೇ ಗತಿ.

ಐಫೋನ್‌ನಲ್ಲಿ ಇದಕ್ಕೆ ಕಂಟ್ರೋಲ್ ಸೆಂಟರ್ ಅಂತಾರೆ. ಹೋಮ್ ಬಟನ್ ಇರುವ ಹಳೆಯದಾದರೆ ಕೆಳಗಿಂದ ಮೇಲಕ್ಕೆ, ಇಲ್ಲದ್ದಾದರೆ ಬಲ ಮೂಲೆಯಿಂದ ಕೆಳಕ್ಕೆ ಎಳೆಯಬೇಕು. ಆದರೆ 2017ರ ಐಫೋನ್ ಹತ್ತರಿಂದ ಈಚಿನ, ಮುಖ ನೋಡಿ ಲಾಕ್ ತೆಗೆಯುವ ಫೇಸ್ ಐಡಿ ಫೋನ್‌ಗಳಲ್ಲಿ ಅಷ್ಟೂ ಬೇಡ. ಲಾಕ್ ಸ್ಕ್ರೀನಿನ ಎಡ ಕೆಳಮೂಲೆಯಲ್ಲೇ ಟಾರ್ಚ್ ಇದೆ. ಸುಮ್ನೆ ತಟ್ಟಿದರೆ ಹತ್ತುವುದಿಲ್ಲ, ಒತ್ತಿ ಹಿಡಿಯಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ. ತಟ್ಟಿ ತಟ್ಟಿ, ಕೆಟ್ಟಿದೆ ಅಂದುಕೊಳ್ಳುತ್ತಾರೆ. ಐಫೋನಿನ ಸಾಫ್ಟ್‌ವೇರ್ ಐಒಎಸ್ 18 ಬಂದ ಮೇಲೆ ಆ ಬಟನ್ ತೆಗೆದು ಬೇರೆ ಹಾಕಲೂ ಬಹುದು. ನೀವು ಹಾಗೆ ಬದಲಾಯಿಸಿ ಮರೆತಿದ್ದರೆ ಟಾರ್ಚ್ ಅಲ್ಲಿರುವುದಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲೂ ಎಷ್ಟೋ ಕಡೆ ಲಾಕ್ ಸ್ಕ್ರೀನಿನ ಮೂಲೆಗೆ ಟಾರ್ಚ್ ಕೂರಿಸಬಹುದು.

ಸರಿ. ಆದರೆ ಇವೆಲ್ಲ ಗಾಜಿನ ಮೇಲಿನ ಚಿತ್ರಗಳು. ಬೆರಳಿಗೆ ಚಿತ್ರ ಗೊತ್ತಾಗುವುದಿಲ್ಲ. ಬೆರಳಿಗೆ ಗೊತ್ತಾಗುವುದು ಉಬ್ಬು, ಅಂಚು, ಬಟನ್. ಅಲ್ವಾ? ಹಾಗಾಗಿ ನನಗೆ ನಿಜವಾಗಿ ಇಷ್ಟವಾಗಿದ್ದು ಮುಂದಿನವು.

ಇದು ಮೊಟೊರೋಲಾ ಫೋನ್. ಗಟ್ಟಿಯಾಗಿ ಹಿಡಿದುಕೊಂಡು, ಕೊಡಲಿಯಿಂದ ಕಡಿಯುವ ಹಾಗೆ ಎರಡು ಸಲ ಬೀಸಬೇಕು. ಅಂತೂ ಇಂತೂ ಅಲ್ಲ, ಚಟ್ ಚಟ್ ಅಂತ. ನೋಡಿ, ಹತ್ತಿತು! ಸ್ಕ್ರೀನ್ ಆರಿದ್ದರೂ ನಡೆಯುತ್ತದೆ. ಮತ್ತೆ ಎರಡು ಸಲ ಬೀಸಿದರೆ ಆರುತ್ತದೆ. ಕಣ್ಣೂ ಬೇಡ, ಬೆರಳೂ ಬೇಡ. ಒಳಗಿರುವ ಸಣ್ಣ ಸೆನ್ಸರ್ ಕೈಯ ವೇಗ ಗಮನಿಸುತ್ತಿರುತ್ತದೆ. ಮೆಲ್ಲಗೆ ಬೀಸಿದರೆ ಕೇಳಿಸಿಕೊಳ್ಳುವುದಿಲ್ಲ, ಸ್ವಲ್ಪ ಜೋರೇ ಬೇಕು. ಮೊದಲ ಸಲ ಹಾಸಿಗೆಯ ಮೇಲೆ ಕೂತು ಮಾಡಿ. ನಾನು ಹಾಗೆ ಮಾಡಲಿಲ್ಲ. ಈ ಮೂಲೆಯಲ್ಲಿರುವ ಚಿಕ್ಕ ಗೀರು ಇವತ್ತಿನದು. ಫೋನ್ ಕೊಟ್ಟವರು ಇನ್ನೂ ನೋಡಿಲ್ಲ.

ಇನ್ನೊಂದು, ಬೆನ್ನಿಗೆ ತಟ್ಟುವುದು. ಐಫೋನ್ ಎಂಟು ಮತ್ತು ಅದರ ನಂತರದವುಗಳಲ್ಲಿ ಬ್ಯಾಕ್ ಟ್ಯಾಪ್ ಅಂತ ಇದೆ. ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಟಚ್, ಅದರ ಕೊನೆಯಲ್ಲಿ. ಎರಡು ತಟ್ಟಿಗೆ ಒಂದು ಕೆಲಸ, ಮೂರು ತಟ್ಟಿಗೆ ಇನ್ನೊಂದು. ನಾನು ಮೂರಕ್ಕೆ ಟಾರ್ಚ್ ಇಟ್ಟೆ. ಎರಡಕ್ಕೆ ಇಟ್ಟರೆ, ಫೋನ್ ಮೇಜಿನ ಮೇಲಿಡುವಾಗಲೂ ಒಮ್ಮೊಮ್ಮೆ ಹತ್ತಿಬಿಡುತ್ತದೆ. ಸ್ಕ್ರೀನ್ ಮಾತ್ರ ಆನ್ ಇರಬೇಕು. ಗೂಗಲ್‌ನ ಪಿಕ್ಸೆಲ್ ಫೋನ್‌ನಲ್ಲಿ ಇದರದೇ ತಮ್ಮ ಕ್ವಿಕ್ ಟ್ಯಾಪ್. ಸಿಸ್ಟಮ್‌ನೊಳಗೆ ಗೆಸ್ಚರ್ಸ್‌ನಲ್ಲಿ ಸಿಗುತ್ತದೆ.

ಒನ್‌ಪ್ಲಸ್‌ನಲ್ಲಿ ಆರಿದ ಸ್ಕ್ರೀನಿನ ಮೇಲೆ ಇಂಗ್ಲಿಷಿನ ವಿ ಬರೆದರೆ ಸಾಕು, ಆದರೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆನ್ ಮಾಡಿಟ್ಟಿರಬೇಕು. ಶಿಯೋಮಿಯ ಹಲವು ಫೋನ್‌ಗಳಲ್ಲಿ ಲಾಕ್ ಆಗಿದ್ದಾಗ ಪವರ್ ಬಟನ್ ಎರಡು ಸಲ ಒತ್ತುವ ಹಾಗೆ ಇಟ್ಟುಕೊಳ್ಳಬಹುದು. ಐಫೋನ್ 15 ಪ್ರೊದಿಂದ ಪಕ್ಕದಲ್ಲಿ ಆ್ಯಕ್ಷನ್ ಬಟನ್ ಇದೆ, ಅದಕ್ಕೂ ಟಾರ್ಚ್ ಕೊಡಬಹುದು. ಕಣ್ಣಿಗೆ ಬಟ್ಟೆ ಕಟ್ಟಿದ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪದೆ ಗೆದ್ದಿದ್ದು ಈ ನಿಜವಾದ ಬಟನ್‌ಗಳೇ.

ಬಾಯಲ್ಲಿ ಹೇಳಿಯೂ ಮಾಡಿಸಬಹುದು. ಐಫೋನಿನ ಸಿರಿಗೋ ಆಂಡ್ರಾಯ್ಡ್‌ನ ಗೂಗಲ್‌ಗೋ ಟಾರ್ಚ್ ಆನ್ ಮಾಡು ಅಂದರೆ ಮಾಡುತ್ತವೆ. ಎರಡೂ ಕೈಯಲ್ಲಿ ಸಾಮಾನು ಇದ್ದಾಗ ಸರಿ. ನಡುರಾತ್ರಿ ಎಲ್ಲರೂ ಮಲಗಿರುವಾಗ ಫೋನ್ ಜೊತೆ ಮಾತಾಡುವುದು ನನ್ನ ಕೈಲಾಗಲ್ಲ.

ಟಾರ್ಚ್ ಆ್ಯಪ್ ಹಾಕಿಕೊಳ್ಳಲಾ ಅಂತ ಕೇಳುತ್ತೀರಿ. ಬೇಡ. ಫೋನಿನಲ್ಲೇ ಇರುವುದಕ್ಕೆ ಬೇರೆ ಆ್ಯಪ್ ಯಾಕೆ? 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್ ಅನ್ನುವ ಆ್ಯಪ್ ಮಾಡಿದವರ ಮೇಲೆ ಕ್ರಮ ಕೈಗೊಂಡಿತ್ತು. ಬಳಸುವವರು ಎಲ್ಲಿದ್ದಾರೆ ಅನ್ನುವುದನ್ನು, ಅವರಿಗೆ ಸರಿಯಾಗಿ ತಿಳಿಸದೆ ಜಾಹೀರಾತಿನವರಿಗೆ ಕೊಡುತ್ತಿದ್ದರು ಅನ್ನುವುದು ಆರೋಪ. ಬೆಳಕು ಕೊಡುವ ಆ್ಯಪ್‌ಗೆ ನಾವಿರುವ ಜಾಗ ಯಾಕೆ ಬೇಕು ಹೇಳಿ.

ಎಲ್ಲ ಸರಿ ಇದ್ದೂ ಟಾರ್ಚ್ ಬಟನ್ ಮಂಕಾಗಿ, ಒತ್ತಿದರೂ ಹತ್ತದಿದ್ದರೆ ಕ್ಯಾಮೆರಾ ತೆರೆದಿದೆಯಾ ನೋಡಿ. ಕ್ಯಾಮೆರಾದ ಫ್ಲ್ಯಾಶ್, ಟಾರ್ಚ್ ಎರಡೂ ಒಂದೇ ಎಲ್‌ಇಡಿ. ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರಿಗೆ ಇಲ್ಲ. ಫೋನ್ ತುಂಬಾ ಬಿಸಿ ಆಗಿದ್ದರೂ, ಚಾರ್ಜ್ ತಳ ಕಂಡಿದ್ದರೂ ಟಾರ್ಚ್ ಹತ್ತದೇ ಇರಬಹುದು. ಇದೇ ಜಗಳವನ್ನು ಟಾರ್ಚ್ ಆರಿಸುವುದಕ್ಕೂ ಬಳಸಬಹುದು. ಐಫೋನ್ ಲಾಕ್ ಸ್ಕ್ರೀನನ್ನು ಕ್ಯಾಮೆರಾ ತೆರೆಯುವ ಹಾಗೆ ಎಡಕ್ಕೆ ತಳ್ಳಿ. ಕ್ಯಾಮೆರಾ ಬರುವ ಮೊದಲೇ ಟಾರ್ಚ್ ಆರುತ್ತದೆ.

ಬೆಳಕು ಜಾಸ್ತಿ ಅನ್ನಿಸಿದರೆ ಐಫೋನಿನ ಕಂಟ್ರೋಲ್ ಸೆಂಟರ್‌ನಲ್ಲಿ ಟಾರ್ಚ್ ಒತ್ತಿ ಹಿಡಿದರೆ ಕಮ್ಮಿ ಮಾಡುವ ಪಟ್ಟಿ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲೂ ಇದೆ.

ಈಗ ಮೊನ್ನೆಯ ರಾತ್ರಿಗೆ ವಾಪಸ್. ಟಾರ್ಚ್ ಹತ್ತಿತು, ಆದರೂ ಸ್ಕ್ರೂ ಕಾಣಲಿಲ್ಲ. ನಿಂತುಕೊಂಡು ಮೇಲಿಂದ ಬೆಳಕು ಬಿಡುತ್ತಿದ್ದೆ. ನೆಲವೆಲ್ಲ ಬೆಳ್ಳಗೆ, ಅಷ್ಟೇ. ಆಮೇಲೆ ಮಂಡಿಯೂರಿ, ಫೋನನ್ನು ನೆಲಕ್ಕೇ ತಾಗಿಸಿ, ಬೆಳಕು ಅಡ್ಡಡ್ಡ ಹರಿಯುವ ಹಾಗೆ ಇಟ್ಟೆ. ಇಲ್ಲಿ ನೋಡಿ. ಪ್ರತಿ ಧೂಳಿನ ಕಣಕ್ಕೂ ಉದ್ದನೆಯ ನೆರಳು. ಒಂದು ಕೂದಲು ಹಗ್ಗದ ಹಾಗೆ ಕಾಣುತ್ತಿದೆ. ನಿಧಾನ ತಿರುಗಿಸುತ್ತಾ ಹೋದೆ. ಕುರ್ಚಿಯ ಕಾಲಿನ ಪಕ್ಕ, ಬೆರಳುದ್ದದ ಒಂದು ನೆರಳು. ಅದರ ಬುಡದಲ್ಲಿ ಮಿಣಕ್ ಅಂದಿತು.

ಸಿಕ್ಕಿತು! ಎತ್ತಿಕೊಂಡು ಮೇಜಿನ ಹತ್ತಿರ ಬಂದೆ. ಸ್ಕ್ರೂಡ್ರೈವರ್ ಇಲ್ಲ.